ಮೂರು ನಿಮಿಷದ ಮೆಂಬರು

ಹೋದ ತಿಂಗಳು ಒಂದು ಭಾನುವಾರ ಅಮೆರಿಕದ ನೋವೈ ಊರಿನ ದೇವಸ್ಥಾನದ ಹಾಲ್‌ನಲ್ಲಿ ಅವರಿಗೆ ಶ್ರದ್ಧಾಂಜಲಿ ಸಭೆ ನಡೆಯಿತು. ಹಾಲ್ ತುಂಬಿತ್ತು. ಮಾತಾಡಿದವರೆಲ್ಲ ಅವರನ್ನು ಹೊಗಳಿದರು, ಇಬ್ಬರು ಕಣ್ಣು ಒರೆಸಿಕೊಂಡರು. ಬದುಕಿದ್ದಾಗ ಅವರು ಎದ್ದು ನಿಂತರೆ ಸಾಕು, ತಟ್ಟೆ ಹುಡುಕಿಕೊಂಡು ಊಟದ ಸಾಲಿಗೆ ಹೋಗುತ್ತಿದ್ದವರೇ ಇವರೆಲ್ಲ. ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಆ ದಿನ ಮೈಕಿನಲ್ಲಿ ಅದನ್ನು ಎಷ್ಟು ಸಲೀಸಾಗಿ ಬಳಸಿದರೆಂದರೆ, ನನಗೆ ಇನ್ನು ಅದನ್ನು ಮುಟ್ಟುವ ಮನಸ್ಸಿಲ್ಲ.

ಬೆನ್ನ ಹಿಂದೆ ಎಲ್ಲರೂ ಅವರನ್ನು ಪಾರ್ಲಿಮೆಂಟ್ ಅಂಕಲ್ ಎನ್ನುತ್ತಿದ್ದರು. ಫಾರ್ಮಿಂಗ್ಟನ್ ಹಿಲ್ಸ್‌ನ ನಮ್ಮ ಸಬ್‌ಡಿವಿಷನ್ನಿನಲ್ಲಿ ಅಂದರೆ ಬಡಾವಣೆಯಲ್ಲಿ, ನಮ್ಮ ಮನೆ ದಾಟಿ ಎರಡನೇ ಮನೆ ಅವರದು. ಮೈಸೂರಿನವರು, ಎಪ್ಪತ್ತು ದಾಟಿದವರು, ಹೆಂಡತಿ ತೀರಿಕೊಂಡ ಮೇಲೆ ಒಬ್ಬರೇ ಇದ್ದವರು. ಜೀವನವಿಡೀ ಕಾರಿನ ಬ್ರೇಕ್ ಮಾಡುವ ಎಂಜಿನಿಯರ್ ಆಗಿದ್ದರೂ ಬ್ರೇಕಿನ ಮೇಲೆ ನಂಬಿಕೆಯಿಲ್ಲದ ಮನುಷ್ಯ. ಫ್ರೀವೇನಲ್ಲಿ ಮುಂದಿನ ಕಾರಿಗೂ ತಮ್ಮ ಕಾರಿಗೂ ಅವರು ಬಿಡುತ್ತಿದ್ದ ಜಾಗದಲ್ಲಿ ಒಂದು ಮದುವೆ ಮಾಡಬಹುದಿತ್ತು. ಆ ಜಾಗಕ್ಕೆ ಯಾರ್ಯಾರೋ ನುಗ್ಗುತ್ತಿದ್ದರು, ಇವರು ಮತ್ತೆ ಹಿಂದೆ ಸರಿಯುತ್ತಿದ್ದರು. ಎಕ್ಸಿಟ್ ಬರುವ ಹೊತ್ತಿಗೆ ನಾವು ಹೊರಟಲ್ಲೇ ಇದ್ದೇವೆಯೇ ಎಂದು ಅನುಮಾನ ಬರುತ್ತಿತ್ತು.

ಮಾತಾಡಲು ಏಳುವ ಮುಂಚೆ ಅವರು ಎರಡು ಕೆಲಸ ಮಾಡುತ್ತಿದ್ದರು. ಕೋಟಿನ ಗುಂಡಿ ಹಾಕಿಕೊಳ್ಳುವುದು ಒಂದು. ಕೈಗಡಿಯಾರ ಬಿಚ್ಚಿ ಎದುರಿಗೆ ಇಟ್ಟುಕೊಳ್ಳುವುದು ಇನ್ನೊಂದು. ನಮ್ಮ ಸಿಟಿ ಕೌನ್ಸಿಲ್ ಸಭೆಯಲ್ಲಿ ಊರಿನ ಯಾರು ಬೇಕಾದರೂ ಎದ್ದು ಮೂರು ನಿಮಿಷ ಮಾತಾಡಬಹುದು, ಮೂರು ನಿಮಿಷಕ್ಕೆ ಸರಿಯಾಗಿ ಬೀಪ್ ಆಗುತ್ತದೆ. ಅವರು ಆ ಬೀಪ್ ಕೇಳಿಸಿಕೊಂಡವರೇ ಅಲ್ಲ, ಅದಕ್ಕೆ ಮುಂಚೆ ಮುಗಿಸುತ್ತಿದ್ದರು. ಆ ಅಭ್ಯಾಸ ಎಲ್ಲ ಕಡೆಗೂ ಹರಡಿತ್ತು. ಯಾರದೋ ಮನೆಯ ಗೃಹಪ್ರವೇಶದಲ್ಲಿ ಊಟ ಬಡಿಸುವುದು ತಡವಾದರೂ ಗುಂಡಿ ಹಾಕಿಕೊಂಡು ಎದ್ದು, ಮನೆ ಯಜಮಾನನಿಗೆ "ಅಧ್ಯಕ್ಷರೇ, ಒಂದು ಪ್ರಶ್ನೆ" ಎನ್ನುತ್ತಿದ್ದರು. ಜನ ನಗುತ್ತಿದ್ದರು. ನಾನೂ ನಕ್ಕಿದ್ದೇನೆ, ಅದು ನಗುವಂತೆಯೇ ಇತ್ತು.

ನಿವೃತ್ತರಾದ ಮೇಲೆ ಜನ ಗಾಲ್ಫ್ ಕಲಿಯುತ್ತಾರೆ, ಇಲ್ಲವೇ ಗೀತೆ ಓದುತ್ತಾರೆ. ಇವರು ಬ್ರಿಟಿಷ್ ಪಾರ್ಲಿಮೆಂಟಿನ ನೂರು ವರ್ಷ ಹಳೆಯ ಚರ್ಚೆಗಳನ್ನು ಓದಲು ಕೂತರು. ಅದಕ್ಕೆ ಕಾರಣ ಅವರ ಅಜ್ಜ. ಅಜ್ಜ ಮೈಸೂರು ಸಂಸ್ಥಾನದ ಕುದುರೆ ಪಡೆಯಲ್ಲಿದ್ದು, ಮೊದಲ ಮಹಾಯುದ್ಧಕ್ಕೆ ಮರಳುಗಾಡಿಗೆ ಹೋಗಿ, ಎರಡೂ ಪಾದ ಕೆಡಿಸಿಕೊಂಡು ಬಂದು, ಉಳಿದ ಆಯುಷ್ಯವನ್ನು ಜಗಲಿಯ ಮೇಲೆ ಕೂತೇ ಕಳೆದರಂತೆ. ಆ ಸಿಪಾಯಿಗಳ ಬಗ್ಗೆ ಆ ದೊಡ್ಡ ಮನೆಯಲ್ಲಿ ಯಾರಾದರೂ ಒಂದು ದಿನವಾದರೂ ಬಾಯಿ ಬಿಟ್ಟಿದ್ದರೇ ಎಂದು ಹುಡುಕಲು ಹೊರಟವರಿಗೆ ಒಬ್ಬ ಸದಸ್ಯ ಸಿಕ್ಕಿದ. ಮಂತ್ರಿಯಾಗದೆ, ಹೆಸರು ಮಾಡದೆ, ಹಿಂದಿನ ಬೆಂಚಿನಲ್ಲೇ ಮುದುಕನಾದವನು. ಹಿಂದೂಸ್ತಾನದ ಸಿಪಾಯಿಗಳಿಗೆ ಕೊಟ್ಟ ಬೂಟುಗಳು ಅವರ ಕಾಲಿಗೆ ಹೊಂದುತ್ತವೆಯೇ ಎಂದು ಅವನು ಮಂತ್ರಿಯನ್ನು ಕೇಳಿದ್ದ. ವಿಚಾರಿಸುತ್ತಿದ್ದೇವೆ ಎಂದು ಉತ್ತರ ಬಂತು. ಕೆಲವು ವಾರ ಬಿಟ್ಟು ಮತ್ತೆ ಕೇಳಿದ್ದ, ಮತ್ತೆ ಅದೇ ಉತ್ತರ ಬಂತು.

ಅಲ್ಲಿಂದ ಅವನು ಇವರಿಗೆ "ನಮ್ಮ ಮೆಂಬರು" ಆಗಿಬಿಟ್ಟ. ಅವನು ಸದನದಲ್ಲಿ ಆಡಿದ್ದನ್ನೆಲ್ಲ ಒಂದು ಸಾಲೂ ಬಿಡದೆ ಓದಿದರು. ಬ್ಯಾರಕ್ಕಿನ ಕುಡಿಯುವ ನೀರು, ಕುದುರೆಗಳ ಮೇವು, ಕೈಕಾಲು ಕಳೆದುಕೊಂಡವರ ಪಿಂಚಣಿ. ಸೈನ್ಯದ ವಿಷಯ ಮುಗಿದರೆ ತನ್ನ ಊರಿನ ಚರಂಡಿ, ಬೀದಿ ದೀಪ, ಟ್ರಾಮು, ಕಾಲುದಾರಿ. ಸಂಜೆ ನಾನು ಕೆಲಸದಿಂದ ಬಂದು ಕಾರು ನಿಲ್ಲಿಸುವುದನ್ನೇ ಕಾದಿದ್ದು, ಡ್ರೈವ್‌ವೇ ತುದಿಯಲ್ಲಿ ನಿಂತು, "ನಮ್ಮ ಮೆಂಬರು ಇವತ್ತು ಗ್ಯಾಸ್ ದೀಪದ ಬಗ್ಗೆ ಕೇಳಿದಾನೆ ಕಣಮ್ಮ" ಎನ್ನುತ್ತಿದ್ದರು, ಆ ಬೆಳಿಗ್ಗೆಯೇ ಕೇಳಿದಂತೆ.

ನನಗೆ ಒಂದು ಸಲ ರೇಗಿತು. "ಅಂಕಲ್, ಅವನು ನಮ್ಮನ್ನ ಆಳ್ದವನಲ್ವಾ? ಅವನ ಮೇಲೆ ಇಷ್ಟು ಪ್ರೀತಿ ಯಾಕೆ ನಿಮಗೆ?" ಎಂದೆ.

"ಪ್ರೀತಿ ಏನಿಲ್ಲಮ್ಮ," ಎಂದರು. "ಸಾಮ್ರಾಜ್ಯ ಬೇಡ ಅಂತ ಅವನು ಒಂದು ದಿನಾನೂ ಹೇಳ್ಲಿಲ್ಲ. ಯುದ್ಧ ಬೇಡ ಅಂತಾನೂ ಹೇಳ್ಲಿಲ್ಲ. ಕಳಿಸ್ತೀರಲ್ಲ, ಬೂಟು ಸರಿಯಾಗಿ ಕೊಟ್ಟಿದೀರಾ ಅಂತ ಕೇಳ್ದ. ಅಷ್ಟೇ. ಆದ್ರೆ ಆ ಮನೇಲಿ ನಮ್ಮಜ್ಜನ ಕಾಲಿನ ಬಗ್ಗೆ ಕೇಳ್ದವನು ಅವನೊಬ್ನೇ."

"ಕೇಳಿ ಏನಾಯ್ತು?"

"ಏನೂ ಆಗ್ಲಿಲ್ಲ. ಅವನು ಕೇಳ್ವಾಗ ಅಲ್ಲಿ ಯಾರಿದ್ರೋ, ಯಾರಿರ್ಲಿಲ್ವೋ. ಖಾಲಿ ಬೆಂಚಿಗೇ ಕೇಳಿರ್ಬೋದು. ಎಷ್ಟು ಜನ ಕೂತಿದ್ರು ಅಂತ ಯಾರೂ ಬರ್ಯಲ್ಲಮ್ಮ. ಕೇಳಿದ್ದು ಮಾತ್ರ ಬರೀತಾರೆ."

ಆ ಮೆಂಬರಿನ ಹುಳ ತಲೆಗೆ ಹೊಕ್ಕ ಮೇಲೆ ಇವರೂ ಸುಮ್ಮನಿರಲಿಲ್ಲ. ದೇವಸ್ಥಾನದ ಹಾಲ್‌ನಲ್ಲಿ ಗಣೇಶನ ಹಬ್ಬಕ್ಕೆ ನಮ್ಮವರು ಮಂಟಪ ಕಟ್ಟುವುದು ಎಮರ್ಜೆನ್ಸಿ ಬಾಗಿಲಿಗೆ ಅಡ್ಡವಾಗಿ. ಫೋಟೋಗೆ ಆ ಗೋಡೆಯೇ ಚೆಂದ, ಬೆಳಕು ಸರಿಯಾಗಿ ಬೀಳುತ್ತದೆ. ಬೆಂಕಿ ಬಿದ್ದರೆ ಮಕ್ಕಳು ಎಲ್ಲಿಂದ ಓಡಬೇಕು ಎಂದು ಇವರು ಕನ್ನಡ ಸಂಘದ ಪ್ರತಿ ವಾರ್ಷಿಕ ಸಭೆಯಲ್ಲೂ ಎದ್ದು ಕೇಳುತ್ತಿದ್ದರು. "ನೋಡೋಣ ಅಂಕಲ್, ಕಮಿಟೀಲಿ ಡಿಸ್ಕಸ್ ಮಾಡ್ತೀವಿ" ಎಂದು ಅಧ್ಯಕ್ಷರು ಹೇಳುವಷ್ಟರಲ್ಲಿ ಬಿಸಿಬೇಳೆಬಾತಿನ ಮುಚ್ಚಳ ತೆಗೆದ ಘಮ ಬರುತ್ತಿತ್ತು, ಅಲ್ಲಿಗೆ ಸಭೆ ಮುಗಿಯುತ್ತಿತ್ತು. ಮುಂದಿನ ವರ್ಷ ಮತ್ತೆ ಅದೇ ಮಂಟಪ, ಅದೇ ಬಾಗಿಲು, ಅದೇ ಪ್ರಶ್ನೆ.

ಭಾನುವಾರ ದೇವಸ್ಥಾನದ ಬೇಸ್‌ಮೆಂಟಿನಲ್ಲಿ ಹೈಸ್ಕೂಲ್ ಮಕ್ಕಳಿಗೆ ವಾದ ಮಾಡುವುದನ್ನು ಹೇಳಿಕೊಡುತ್ತಿದ್ದರು. ಇದಕ್ಕೆ ಮಾತ್ರ ಅವರಿಗೆ ಭಾರಿ ಬೇಡಿಕೆ. ಡಿಬೇಟಿನಲ್ಲಿ ಗೆದ್ದರೆ ಕಾಲೇಜು ಅಪ್ಲಿಕೇಶನ್ನಿಗೆ ತೂಕ ಬರುತ್ತದೆ. ತಮಗೆ ಒಪ್ಪಿಗೆಯಿಲ್ಲದ ಪಕ್ಷವನ್ನೂ ಚೆನ್ನಾಗಿ ಹಿಡಿದು ಮಾತಾಡುವುದು ಅವರ ಮೊದಲ ಪಾಠ. ಮಕ್ಕಳೂ ಗಡಿಯಾರ ಬಿಚ್ಚಿ ಎದುರಿಗಿಟ್ಟುಕೊಳ್ಳುವುದನ್ನು ಕಲಿತರು. ಅಪ್ಪ ಅಮ್ಮಂದಿರನ್ನು ಮಾತ್ರ ಅವರು ಬೇರೆಯೇ ಒಂದು ವಿಷಯಕ್ಕೆ ಪೀಡಿಸುತ್ತಿದ್ದರು. "ಒಂದು ಸಲ ಕೌನ್ಸಿಲ್‌ಗೆ ಬನ್ನಿ. ಸುಮ್ಮನೆ ಹಿಂದೆ ಕೂತ್ಕೊಳಿ. ನಮ್ಮೋರು ಈ ಊರಲ್ಲಿ ಇದಾರೆ ಅಂತ ಅವರಿಗೆ ಕಾಣ್ಲಿ." ಬರುತ್ತೇವೆ ಎನ್ನುತ್ತಿದ್ದರು. ಯಾರೂ ಹೋದವರಲ್ಲ. ಪ್ರತಿ ಸಲ ಮಾತಾಡಲು ನಿಂತಾಗ ಅವರು ಒಮ್ಮೆ ಹಿಂತಿರುಗಿ ಕುರ್ಚಿಗಳ ಕಡೆ ನೋಡುತ್ತಿದ್ದರು. ಅದು ಅವರ ಮೂರನೇ ಅಭ್ಯಾಸ.

ಇನ್ನು ನನ್ನ ಮಗನ ವಿಷಯ. ಅದನ್ನು ಬಿಟ್ಟು ಅವರ ಬಗ್ಗೆ ಬರೆಯಲಾರೆ.

ಹೈಸ್ಕೂಲ್ ಮುಗಿಸಿ ಎರಡು ವರ್ಷ ಕಾಲೇಜಿಗೆ ಹೋದವನು ಅದನ್ನು ಬಿಟ್ಟು ಅಮೆರಿಕದ ಸೈನ್ಯ ಸೇರಿದ. ನಮ್ಮನೆಯವರ ಕೆಲಸ ಚಿಕಾಗೋ ಹತ್ತಿರ ವೆಸ್ಟ್‌ಮಂಟಿನಲ್ಲಿ, ಅವರು ಬರುವುದು ವಾರಾಂತ್ಯಕ್ಕೆ ಮಾತ್ರ. ಹಾಗಾಗಿ ಜನರಿಗೆ ಉತ್ತರ ಕೊಡುವ ಕೆಲಸವೆಲ್ಲ ನನ್ನ ಪಾಲಿಗೆ ಬಂತು. "ಮಗ ಎಲ್ಲಿ ಓದ್ತಿದಾನೆ?" ಎನ್ನುತ್ತಿದ್ದರು. "ಆರ್ಮಿಗೆ ಸೇರ್ಕೊಂಡ" ಎಂದರೆ, ಸಾವಿನ ಮನೆಯಲ್ಲಿ ಕೇಳುವಂಥ ಸಣ್ಣ ದನಿಯಲ್ಲಿ, "ಯಾಕೆ, ಗ್ರೇಡ್ಸ್ ಚೆನ್ನಾಗಿರ್ಲಿಲ್ವಾ?" ಒಬ್ಬಿಬ್ಬರಲ್ಲ, ಹೆಚ್ಚುಕಡಿಮೆ ಎಲ್ಲರ ಬಾಯಲ್ಲೂ ಅದೇ ಪ್ರಶ್ನೆ. ಕೆಲವು ತಿಂಗಳಲ್ಲಿ ಅದೂ ನಿಂತಿತು. ನನಗೆ ಮಗನೇ ಇಲ್ಲವೇನೋ ಎಂಬಂತೆ ಗಿಡಗಳ ಬಗ್ಗೆ, ತರಕಾರಿ ರೇಟಿನ ಬಗ್ಗೆ ಮಾತಾಡುತ್ತಿದ್ದರು.

ಪಾರ್ಲಿಮೆಂಟ್ ಅಂಕಲ್ ಮಾತ್ರ ಸುದ್ದಿ ಕೇಳಿದ ದಿನವೇ ಕೋಟಿನ ಗುಂಡಿ ಹಾಕಿಕೊಂಡು ಬಂದರು. ಬಾಗಿಲಲ್ಲೇ ನಿಂತು, "ಬೂಟು ಸರಿಯಾಗಿ ಕೂರುತ್ತಂತಾ ಅವನಿಗೆ?" ಎಂದರು. ನನಗೆ ನಗು ಬಂತು, ಹಾಗೇ ಕಣ್ಣಲ್ಲಿ ನೀರೂ ಬಂತು. ಫೋನಿನಲ್ಲಿ ಮಗನಿಗೆ ಕೇಳಿದೆ. ಅವನೂ ನಕ್ಕ. "ಟೆಲ್ ಅಂಕಲ್ ದೇ ಆರ್ ಫೈನ್" ಎಂದ. ಹೋಗಿ ಹೇಳಿದಾಗ ಅಂಕಲ್ ನಗಲಿಲ್ಲ. ಕುರ್ಚಿಯಲ್ಲಿ ಕೂತು, ನೂರು ವರ್ಷದಿಂದ ಕಾದಿದ್ದ ಉತ್ತರ ಬಂದಂತೆ, "ಒಳ್ಳೇದಾಯ್ತು" ಎಂದರು.

ಯುದ್ಧಕ್ಕೆ ಅವನು ಹೋಗಲೇ ಇಲ್ಲ. ತರಬೇತಿಯಲ್ಲಿ ಲಾರಿ ಮಗುಚಿ ಬಿದ್ದು ಬಲಗಾಲು ಮೊಣಕಾಲಿನ ಕೆಳಗೆ ಹೋಯಿತು. ಇದು ನಮ್ಮ ಜನಕ್ಕೆ ಇನ್ನೊಂದು ನಿರಾಸೆ. "ಯುದ್ಧದಲ್ಲಾ?" ಎಂದು ಕೇಳಿ, ಅಲ್ಲ ಎಂದರೆ ಅವರ ಮುಖದಲ್ಲಿ ಏನೋ ಇಳಿಯುತ್ತಿತ್ತು. ಅವನು ಮನೆಗೆ ಬಂದ ಮೊದಲ ವಾರ ಡಬ್ಬಿ ಡಬ್ಬಿ ಚಿತ್ರಾನ್ನ ಬಂತು. ಎರಡನೇ ವಾರ ಡಬ್ಬಿ ವಾಪಸು ಕೇಳಿ ಮೆಸೇಜ್ ಬಂತು. ಆಮೇಲೆ ಏನೂ ಬರಲಿಲ್ಲ.

ಅಂಕಲ್ ಬಂದರು. ಬಂದವರೆಲ್ಲ ಅವನ ಕಾಲು ಬಿಟ್ಟು ಗೋಡೆ, ಸೀಲಿಂಗು, ಟಿವಿ ನೋಡಿದ್ದರು. ಇವರು ನೇರವಾಗಿ ಆ ಕೃತಕ ಕಾಲನ್ನೇ ಬಗ್ಗಿ ನೋಡಿ, "ಈ ಕಾಲಿಗೆ ಶೂ ಯಾವ ಸೈಜು ಕಣಪ್ಪಾ? ಅದೇ ಹಳೇ ಸೈಜೇನಾ?" ಎಂದರು. ಆಸ್ಪತ್ರೆಯಿಂದ ಬಂದ ಮೇಲೆ ನನ್ನ ಮಗ ಮೊದಲ ಸಲ ನಕ್ಕದ್ದು ಆವತ್ತು. ಇಬ್ಬರೂ ಕೂತು ಆ ಕಾಲಿನ ತಿರುಪು, ಸ್ಪ್ರಿಂಗು, ಹಿಮ್ಮಡಿಯ ಕೋನ ಇವುಗಳ ಬಗ್ಗೆ ಅಡುಗೆ ಆರುವವರೆಗೆ ಮಾತಾಡಿದರು.

ಅವನಿಗೆ ಎಡಗಾಲಲ್ಲಿ ಪೆಡಲ್ ಒತ್ತುವ ಹಾಗೆ ಕಾರು ಬದಲಾಯಿಸಿ, ಓಡಿಸಲು ಕಲಿಯುವುದಕ್ಕೆ ಇನ್ನೂ ಸಮಯವಿತ್ತು. ದಿನಾ ನಡೆಯಬೇಕು ಎಂದು ಡಾಕ್ಟರು ಹೇಳಿದ್ದರು. ನಮ್ಮಲ್ಲಿಂದ ಅರ್ಧ ಮೈಲಿಗೆ ಲೈಬ್ರರಿ, ಪಕ್ಕದಲ್ಲೇ ಒಂದು ಕಾಫಿ ಅಂಗಡಿ. ಅಷ್ಟು ದೂರ ಹೋಗಿ ಬರಲು ಅವನಿಗೆ ಆಸೆ. "ಐ ಜಸ್ಟ್ ವಾಂಟ್ ಟು ಗೋ ಸಮ್‌ವೇರ್ ವಿದೌಟ್ ಯೂ, ಅಮ್ಮಾ" ಎಂದ. ಅದರಲ್ಲಿ ಸಿಟ್ಟು ಇರಲಿಲ್ಲ, ಅದಕ್ಕೇ ಇನ್ನೂ ನೋವಾಯಿತು. ಆದರೆ ನಮ್ಮ ಸಬ್‌ಡಿವಿಷನ್ನಿನ ಬಾಯಿಗೇ ಸೈಡ್‌ವಾಕ್, ಅಂದರೆ ಫುಟ್‌ಪಾತು, ನಿಂತುಹೋಗುತ್ತದೆ. ಅಲ್ಲಿಂದ ಲೈಬ್ರರಿಯ ತನಕ ನಮ್ಮವರ ಹಿತ್ತಿಲುಗಳ ಹಿಂದೆ ಬರೀ ಹುಲ್ಲಿನ ಇಳಿಜಾರು, ಅದರ ಕೆಳಗೆ ಐವತ್ತು ಮೈಲಿ ವೇಗದ ರಸ್ತೆ. ಎರಡು ಸ್ವಂತ ಕಾಲಿದ್ದವರೇ ಆ ಇಳಿಜಾರಲ್ಲಿ ಜಾರುತ್ತಾರೆ.

ಅಂಕಲ್ ಕಿತ್ತಳೆ ಬಣ್ಣದ ಹೊಳೆಯುವ ಜಾಕೆಟ್ ಒಂದನ್ನು ತಂದರು. ಸಂಜೆ ಅದನ್ನು ಹಾಕಿಕೊಂಡು ನನ್ನ ಮಗನ ಜೊತೆ ಆ ರಸ್ತೆಯ ಅಂಚಿನಲ್ಲಿ ನಡೆಯಲು ಶುರು ಮಾಡಿದರು. ಯಾವತ್ತೂ ಅವನನ್ನು ಹುಲ್ಲಿನ ಕಡೆ ಬಿಟ್ಟು ಕಾರು ಬರುವ ಕಡೆ ತಾವು ನಡೆಯುತ್ತಿದ್ದರು. ಬ್ರೇಕನ್ನು ನಂಬದ ಮನುಷ್ಯ ಎಂದು ಮೊದಲೇ ಹೇಳಿದೆ. ಕಿಟಕಿಯಿಂದ ನೋಡುತ್ತಾ ನಿಂತರೆ ನನಗೆ ಇಬ್ಬರ ಜೀವದ ಭಯ.

ಕೌನ್ಸಿಲ್ಲಿನಲ್ಲಿ ಅವರು ಸೈಡ್‌ವಾಕ್ ಕೇಳತೊಡಗಿದ್ದು ಆಗಲೇ. ಮಗನನ್ನು ಮೊದಲು ಕೇಳಿ, ಅವನು ಹೂಂ ಎಂದ ಮೇಲೆ ಅವನ ವಿಷಯ ಎತ್ತಿದರು. ಒಂದು ಸೋಮವಾರ ಬಿಟ್ಟು ಒಂದು ಸೋಮವಾರ, ಅದೇ ಕೋಟು, ಅದೇ ಗಡಿಯಾರ. ಈ ಊರಿನ ಸೈನಿಕನೊಬ್ಬ ಈ ಊರಿನ ಲೈಬ್ರರಿಗೆ ನಡೆದು ಹೋಗುವುದು ಹೇಗೆ, ಅಷ್ಟೇ ಪ್ರಶ್ನೆ. ವಿಚಾರಿಸುತ್ತೇವೆ ಎನ್ನುತ್ತಿದ್ದರು. ಇವರು ಥ್ಯಾಂಕ್ಸ್ ಹೇಳಿ ಬಂದು ಮತ್ತೆ ಹೋಗುತ್ತಿದ್ದರು. ಒಂದು ವರ್ಷದ ಮೇಲೆ ಕೌನ್ಸಿಲ್ಲಿಗೆ ಸಾಕಾಯಿತೋ ಏನೋ, ವಿಷಯವನ್ನು ಚರ್ಚೆಗೆ ತೆಗೆದುಕೊಂಡರು, ದಿನ ಗೊತ್ತು ಮಾಡಿದರು.

ಆಗ ನಮ್ಮವರು ಎಚ್ಚೆತ್ತರು.

ಸೈಡ್‌ವಾಕ್ ಬಂದರೆ ಅದರ ಮೇಲೆ ಬೀಳುವ ಸ್ನೋವನ್ನು ಆ ಪಕ್ಕದ ಮನೆಯವರೇ ತೆಗೆಯಬೇಕು, ಇದು ಇಲ್ಲಿಯ ಕಾನೂನು. ನಮ್ಮವರಿಗೆ ಕಂಡದ್ದು ಅಷ್ಟೇ. ಬೇಸಿಗೆಯಲ್ಲಿ ಊರಿಂದ ಬರುವ ಅವರವರ ಅಪ್ಪ ಅಮ್ಮಂದಿರು, ಸೀರೆಯ ಕೆಳಗೆ ಸ್ನೀಕರ್ಸ್ ಹಾಕಿಕೊಂಡು ಅದೇ ರಸ್ತೆಯ ಅಂಚಿನಲ್ಲಿ ಒಬ್ಬರ ಹಿಂದೆ ಒಬ್ಬರು ನಡೆಯುವುದು ಅವರಿಗೆ ಕಾಣಲಿಲ್ಲ. ಸಂಘದ ಅಧ್ಯಕ್ಷರ ಮನೆ ನಮ್ಮ ಸಬ್‌ಡಿವಿಷನ್ನಿನ ಮೂಲೆಯಲ್ಲಿದೆ. ಅವರ ಮನೆಯ ಸತ್ಯನಾರಾಯಣ ಪೂಜೆಗೆ ಎಲ್ಲರನ್ನೂ ಕರೆದಿದ್ದರು. ಮಂಗಳಾರತಿಯಾಗಿ, ಪ್ರಸಾದ ತೆಗೆದುಕೊಳ್ಳಲು ಊಟದ ಮೇಜಿನ ಹತ್ತಿರ ಹೋದರೆ ಸಪಾದಭಕ್ಷ್ಯದ ಪಾತ್ರೆಯ ಪಕ್ಕದಲ್ಲಿ ಒಂದು ಅರ್ಜಿ ಮತ್ತು ಪೆನ್ನು. ಸೈಡ್‌ವಾಕ್ ಬೇಡ ಎಂದು ಕೌನ್ಸಿಲ್ಲಿಗೆ ಬರೆದ ಅರ್ಜಿ. ಪ್ರಸಾದ ಒಂದು ಕೈಯಲ್ಲಿ, ಸಹಿ ಒಂದು ಕೈಯಲ್ಲಿ. ಅಂಥ ಪುಣ್ಯದ ಕೆಲಸ ನಾನು ಇನ್ನೆಲ್ಲೂ ನೋಡಿಲ್ಲ.

ಅಧ್ಯಕ್ಷರು ಪೆನ್ನನ್ನು ನನಗೂ ಚಾಚಿದರು. "ನಿಮ್ಮ ಹಿತ್ತಿಲ ಹಿಂದೆನೂ ಬರುತ್ತೆ ಮೇಡಂ. ನಿಮ್ಮನೆಯವ್ರು ವೀಕೆಂಡ್‌ಗೆ ಮಾತ್ರ ಇರ್ತಾರೆ. ಸ್ನೋ ತೆಗಿಯೋದು ನಿಮಗೂ ಕಷ್ಟ, ಪಾಪ, ಮಗನ ಕೈಲೂ ಆಗಲ್ಲ. ನಿಮ್ಮಂಥೋರಿಗೋಸ್ಕರಾನೇ ಇದು" ಎಂದರು. ಅವರು ಕುಹಕವಾಡುತ್ತಿರಲಿಲ್ಲ. ನಿಜವಾಗಿಯೂ ನನಗೆ ಉಪಕಾರ ಮಾಡುತ್ತಿದ್ದೇನೆ ಎಂದುಕೊಂಡಿದ್ದರು. ನಾನು ಪ್ರಸಾದವನ್ನು ಮೇಜಿನ ಮೇಲೆ ಇಟ್ಟೆ. ಪೆನ್ನು ಮುಟ್ಟಲಿಲ್ಲ.

ಸೋಫಾದ ಕಡೆಯಿಂದ ಗಡಿಯಾರ ಗಾಜಿನ ಮೇಜಿನ ಮೇಲೆ ಇಟ್ಟ ಸದ್ದು ಕೇಳಿಸಿತು. ಅಂಕಲ್ ಎದ್ದು ನಿಂತಿದ್ದರು.

"ಅಧ್ಯಕ್ಷರೇ, ಒಂದು ಪ್ರಶ್ನೆ. ಈ ಸೈಡ್‌ವಾಕು ಯಾರಿಗೋಸ್ಕರ ಕೇಳಿದ್ದು ಅಂತ ಈ ಕೋಣೇಲಿ ಎಷ್ಟು ಜನಕ್ಕೆ ಗೊತ್ತು?"

ಎಲ್ಲರಿಗೂ ಗೊತ್ತಿತ್ತು. ಒಬ್ಬರೂ ಕೈ ಎತ್ತಲಿಲ್ಲ. ಅಡುಗೆಮನೆಯಿಂದ ಯಾರೋ, "ಎಲೆ ಹಾಕಿದೆ, ಏಳಿ ಏಳಿ" ಎಂದರು. ಶೂ ಹಾಕಿಕೊಳ್ಳುವಾಗ ಧಾರವಾಡದ ಕಡೆಯ ಒಬ್ಬಾಕೆ ನನ್ನ ಹತ್ತಿರ ಬಗ್ಗಿ, "ಅಕ್ಕಾರ, ನನಗೂ ಮನಸ್ಸಿರಲಿಲ್ರಿ. ನಮ್ಮನಿಯವ್ರು ಸಹಿ ಮಾಡೇಬಿಟ್ರು, ನಾ ಏನ್ ಮಾಡ್ಲಿ?" ಎಂದು ಕೈ ಅದುಮಿದರು. ಆ ಅದುಮಿದ ಕೈ ನೆನೆದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ.

ಚರ್ಚೆಯ ಸೋಮವಾರ ನಾನು, ಮಗ, ಅಂಕಲ್ ಮೂವರೂ ಅವರ ಕಾರಿನಲ್ಲಿ ಹೋದೆವು. ಮುಂದಿನ ಸಾಲಿನಲ್ಲಿ ಕೂತೆವು. ಹಿಂದೆ ಬಾಗಿಲು ತೆಗೆಯುವ, ಮುಚ್ಚುವ ಸದ್ದು ನಿಲ್ಲಲೇ ಇಲ್ಲ. ಕನ್ನಡ ಕೇಳಿಸಿತು. ಅಂಕಲ್ ತಿರುಗಿ ನೋಡಿದರು. ಕುರ್ಚಿಗಳು ತುಂಬಿದ್ದವು, ಗೋಡೆಗೆ ಒರಗಿ ಕೂಡ ಜನ ನಿಂತಿದ್ದರು. ಎಲ್ಲ ನಮ್ಮವರೇ. ಅವರ ಮುಖ ಅರಳಿತು. ಪೂಜೆಯ ದಿನ ತಾವು ಕೇಳಿದ ಪ್ರಶ್ನೆ ಜನರ ಮನಸ್ಸಿಗೆ ನಾಟಿತು ಎಂದೇ ಅವರು ತಿಳಿದರು. ಅಷ್ಟು ವರ್ಷ ಆ ಖಾಲಿ ಕುರ್ಚಿಗಳನ್ನು ನೋಡಿದ ಮನುಷ್ಯ ಬೇರೆ ಏನು ತಿಳಿಯಬೇಕು? ನನ್ನ ತೋಳು ಮುಟ್ಟಿ, "ನೋಡಮ್ಮ, ಬಂದಿದಾರೆ" ಎಂದರು.

ನನಗೆ ಆಗಲೇ ಅರ್ಥವಾಗಿತ್ತು.

ಒಬ್ಬರಾದ ಮೇಲೆ ಒಬ್ಬರು ಎದ್ದರು. ನಮ್ಮ ಜನ ಇಷ್ಟು ಶಿಸ್ತಾಗಿ, ಇಷ್ಟು ಚೆನ್ನಾಗಿ ಮಾತಾಡಬಲ್ಲರು ಎಂದು ನನಗೆ ಗೊತ್ತೇ ಇರಲಿಲ್ಲ. ಅಧ್ಯಕ್ಷರು ಮೊದಲು ನನ್ನ ಮಗನ ಕಡೆ ತಿರುಗಿ, ನಿನ್ನ ಸೇವೆಗೆ ನಾವೆಲ್ಲ ಋಣಿ ಎಂದು ಇಂಗ್ಲಿಷಿನಲ್ಲಿ ಹೇಳಿದರು. ಹಾಲ್ ಪೂರ್ತಿ ಚಪ್ಪಾಳೆ ತಟ್ಟಿತು. ಚಪ್ಪಾಳೆ ನಿಂತ ಮೇಲೆ ಸೈಡ್‌ವಾಕ್ ಯಾಕೆ ಬೇಡ ಎಂದು ವಿವರಿಸಿದರು. ನನ್ನ ಮಗ ತಲೆ ಬಗ್ಗಿಸಲಿಲ್ಲ, ಎದ್ದು ಹೋಗಲಿಲ್ಲ, ಎದುರಿಗಿದ್ದ ಬಾವುಟವನ್ನೇ ನೋಡುತ್ತಾ ಕೂತಿದ್ದ. ಎಲ್ಲರಿಗಿಂತ ಚೆನ್ನಾಗಿ ಮಾತಾಡಿದ್ದು ಅಧ್ಯಕ್ಷರ ಮಗಳು. ಕಾಲೇಜಿನಿಂದ ಅದಕ್ಕೆಂದೇ ಬಂದಿದ್ದಳು. ಬೇಸ್‌ಮೆಂಟಿನಲ್ಲಿ ಅಂಕಲ್ ತಯಾರು ಮಾಡಿದ ಹುಡುಗಿ. ಗಡಿಯಾರ ಬಿಚ್ಚಿ ಎದುರಿಗಿಟ್ಟುಕೊಂಡಳು, ಒಂದು ಸಲವೂ ತಡವರಿಸದೆ, ಬೀಪ್ ಆಗುವ ಮುಂಚೆಯೇ ಮುಗಿಸಿದಳು. ಹೋಗುವಾಗ ಅಂಕಲ್ ಕಡೆ ನೋಡಿ ಸಣ್ಣಗೆ ನಕ್ಕಳು, ಮೇಷ್ಟ್ರ ಮೆಚ್ಚುಗೆ ಬೇಡುವ ನಗು.

ಕೊನೆಗೆ ಅಂಕಲ್ ಸರದಿ. ಗುಂಡಿ ಹಾಕಿಕೊಂಡರು, ಗಡಿಯಾರ ಇಟ್ಟರು. ಈ ಸಲ ಹಿಂತಿರುಗಿ ನೋಡಲಿಲ್ಲ. ಎಂದಿನ ಪ್ರಶ್ನೆಯನ್ನೇ ಕೇಳಿ ಕೂತರು. ಕೌನ್ಸಿಲ್ಲಿನವರು ನಿವಾಸಿಗಳು ಇಷ್ಟು ದೊಡ್ಡ ಸಂಖ್ಯೆಯಲ್ಲಿ ಬಂದದ್ದಕ್ಕೆ ಸಂತೋಷಪಟ್ಟು, ಈ ಸಮುದಾಯ ಊರಿನ ಕೆಲಸದಲ್ಲಿ ಹೀಗೆ ಪಾಲ್ಗೊಳ್ಳಲಿ ಎಂದು ಹಾರೈಸಿ, ವಿಷಯವನ್ನು ಮುಂದಕ್ಕೆ ಹಾಕಿದರು.

ವಾಪಸು ಬರುವಾಗ ಕಾರಿನಲ್ಲಿ ಅಂಕಲ್, "ಹುಡುಗಿ ಟೈಮ್ ಒಳಗೆ ಮುಗಿಸಿದ್ಲು. ಚೆನ್ನಾಗಿ ಮಾತಾಡಿದ್ಲು" ಎಂದರು.

ನನಗೆ ತಡೆಯಲಾಗಲಿಲ್ಲ. "ನಾಚಿಕೆ ಆಗಲ್ವಾ ಅಂಕಲ್ ನಿಮಗೆ, ಅವಳನ್ನ ಹೊಗಳೋಕೆ? ಇವನನ್ನ ಪಕ್ಕದಲ್ಲಿ ಕೂರಿಸ್ಕೊಂಡು?"

"ಆಗುತ್ತಮ್ಮ," ಎಂದರು. ಸಿಗ್ನಲ್ ಹಸಿರಾದರೂ ಅವರು ಕಾರು ಬಿಡಲಿಲ್ಲ, ಹಿಂದಿನವರು ಹಾರ್ನ್ ಹೊಡೆದರು. "ಮಾತಾಡೋದು ಹೇಳಿಕೊಟ್ಟೆ. ಯಾರಿಗೋಸ್ಕರ ಮಾತಾಡ್ಬೇಕು ಅನ್ನೋದನ್ನ ಅವರಪ್ಪ ಹೇಳಿಕೊಡ್ತಾನೆ ಅಂದ್ಕೊಂಡಿದ್ದೆ." ಮುಂದಿನ ಭಾನುವಾರದಿಂದ ಬೇಸ್‌ಮೆಂಟಿನ ಪಾಠ ನಿಂತಿತು. ಮಂಡಿ ನೋವು, ಮೆಟ್ಟಿಲು ಇಳಿಯಲು ಆಗುವುದಿಲ್ಲ ಎಂದು ದೇವಸ್ಥಾನದವರಿಗೆ ಹೇಳಿದರು. ಅದೇ ಮಂಡಿಯಲ್ಲಿ ಸಂಜೆ ನನ್ನ ಮಗನ ಜೊತೆ ನಡೆಯುತ್ತಿದ್ದರು.

ಕೌನ್ಸಿಲ್ಲಿಗೆ ಹೋಗುವುದನ್ನು ಮಾತ್ರ ಬಿಡಲಿಲ್ಲ. ಹಾಲ್ ಮತ್ತೆ ಮೊದಲಿನಂತೆ ಖಾಲಿಯಾಗಿತ್ತು. ಚಳಿಗಾಲ ಪೂರ್ತಿ ಹೋದರು. ಈ ಮಾರ್ಚಿನಲ್ಲಿ, ಒಂದು ಬೆಳಿಗ್ಗೆ ಕಾಫಿ ಕಾಯಿಸಲು ಎದ್ದವರು ಅಡುಗೆಮನೆಯಲ್ಲೇ ಕುಸಿದರು. ಮಧ್ಯಾಹ್ನ ಫೋನ್ ಎತ್ತಲಿಲ್ಲವೆಂದು ಹೋಗಿ ನೋಡಿದವನು ನನ್ನ ಮಗ. ಬಾಗಿಲ ಹಿಂದಿನ ಮೊಳೆಗೆ ಆ ಕಿತ್ತಳೆ ಜಾಕೆಟ್ ನೇತು ಹಾಕಿತ್ತಂತೆ. ಅವರು ಹೋದ ಮೇಲೆ ಅವನು ನಡೆಯಲು ಹೊರಗೆ ಹೋಗುತ್ತಿಲ್ಲ. ನಾನು ಬರುತ್ತೇನೆ ಎಂದರೆ ಬೇಡ ಎನ್ನುತ್ತಾನೆ.

ಶ್ರದ್ಧಾಂಜಲಿಯ ದಿನ ಅವರ ಫೋಟೋಗೆ ದೊಡ್ಡ ಹಾರ ಹಾಕಿ, ದೀಪ ಹಚ್ಚಿ ಇಟ್ಟಿದ್ದರು. ಎಲ್ಲಿ ಎಂದರೆ, ಅದೇ ಎಮರ್ಜೆನ್ಸಿ ಬಾಗಿಲಿಗೆ ಅಡ್ಡವಾಗಿ. ಬೆಳಕು ಸರಿಯಾಗಿ ಬೀಳುವ ಜಾಗ. ಅಧ್ಯಕ್ಷರು ಮಾತಾಡಿದರು. ಅಂಕಲ್ ಹೆಸರಿನಲ್ಲಿ ಮಕ್ಕಳಿಗೆ ಡಿಬೇಟ್ ಟ್ರೋಫಿ ಇಡುವುದಾಗಿ ಸಾರಿದರು. "ನಾವೆಲ್ಲ ಸಿವಿಕ್ ಲೈಫ್‌ನಲ್ಲಿ ಪಾರ್ಟಿಸಿಪೇಟ್ ಮಾಡ್ಬೇಕು ಅನ್ನೋದು ಅವರ ಕನಸು. ಅವತ್ತು ಕೌನ್ಸಿಲ್ ಹಾಲ್ ತುಂಬ್ಸಿದ್ವಲ್ಲ, ಅದನ್ನ ನೋಡಿ ಅವರಿಗೆ ಎಷ್ಟು ಖುಷಿ ಆಯ್ತು ಅಂತ ನಾನೇ ಕಣ್ಣಾರೆ ಕಂಡಿದೀನಿ" ಎಂದರು.

ಅದು ಸುಳ್ಳಲ್ಲ. ಆ ಖುಷಿಯನ್ನು ನಾನೂ ಕಂಡಿದ್ದೆ. ನನಗೆ ಕೂತಿರಲಾಗಲಿಲ್ಲ.

ಎದ್ದು ನಿಂತೆ. ಮೈಕು ಕೊಡಲು ಯಾರೂ ಬರಲಿಲ್ಲ, ಹಾಗೇ ಮಾತಾಡಿದೆ. "ಅಧ್ಯಕ್ಷರೇ, ಒಂದು ಪ್ರಶ್ನೆ. ನಾಳೆ ಸೋಮವಾರ, ಕೌನ್ಸಿಲ್ ಇದೆ. ಅವರು ಕೇಳ್ತಿದ್ದ ಸೈಡ್‌ವಾಕ್ ನಾನು ಕೇಳ್ತೀನಿ. ನನ್ನ ಜೊತೆ ಯಾರು ಬರ್ತೀರ?"

ಅಧ್ಯಕ್ಷರ ಮಗಳು ಮುಂದಿನ ಸಾಲಿನಲ್ಲಿದ್ದಳು, ಫೋನ್ ನೋಡತೊಡಗಿದಳು. ಧಾರವಾಡದಾಕೆ ಸೆರಗು ಸರಿಮಾಡಿಕೊಂಡರು. ಅಧ್ಯಕ್ಷರು ಬಹಳ ಮೃದುವಾಗಿ, "ಮೇಡಂ, ಇವತ್ತು ಅಂಕಲ್ ಆತ್ಮಕ್ಕೆ ಶಾಂತಿ ಕೋರೋ ದಿನ. ಪಾಲಿಟಿಕ್ಸ್ ಬೇಡ, ಪ್ಲೀಸ್" ಎಂದು, ಎಲ್ಲರ ಕಡೆ ತಿರುಗಿ, "ಊಟ ರೆಡಿ ಇದೆ" ಎಂದರು. ಕುರ್ಚಿಗಳು ಕಿರುಗುಟ್ಟಿದವು.

ಮಾರನೇ ದಿನ ಹೋದೆ. ಹೊರಡುವಾಗ ಮಗ ತಾನಾಗಿಯೇ ಬಂದು ಕಾರಿನಲ್ಲಿ ಕೂತ. ನನ್ನ ಸರದಿ ಬಂದಾಗ ಹೆಸರು, ವಿಳಾಸ ಹೇಳಿದೆ. ಗಡಿಯಾರ ಬಿಚ್ಚಿ ಎದುರಿಗಿಟ್ಟೆ. ಪ್ರಶ್ನೆ ಕೇಳಿದೆ. ವಿಚಾರಿಸುತ್ತೇವೆ ಎಂದರು, ಬರೆದುಕೊಂಡರು.

ಕೇಳಿದ್ದು ಮಾತ್ರ ಬರೆಯುತ್ತಾರೆ, ಎಷ್ಟು ಜನ ಕೂತಿದ್ದರು ಎಂದು ಯಾರೂ ಬರೆಯುವುದಿಲ್ಲ ಎಂದು ಅವರು ಹೇಳಿದ್ದರು. ಅದಕ್ಕೇ ಅದನ್ನು ನಾನು ಇಲ್ಲಿ ಬರೆದಿಡುತ್ತಿದ್ದೇನೆ. ಮಾತು ಶುರು ಮಾಡುವ ಮುಂಚೆ ಅವರಂತೆಯೇ ಹಿಂತಿರುಗಿ ನೋಡಿದೆ. ಅಷ್ಟೂ ಕುರ್ಚಿಗಳಲ್ಲಿ, ಕಿತ್ತಳೆ ಜಾಕೆಟ್ಟನ್ನು ತೊಡೆಯ ಮೇಲೆ ಇಟ್ಟುಕೊಂಡು, ನನ್ನ ಮಗನೊಬ್ಬನೇ ಕೂತಿದ್ದ.